ಕಚೇರಿಯ ಒಳಗಿರುವ ಬೂಟುಗಳಿಗೆ, ಹುಣಸೆ ಮರದ ಬುಡದಿಂದ

ಮಾನ್ಯರೇ,

ಅಮಲ್ದಾರರ ಮೇಜಿನ ಕೆಳಗೆ ಜೋಡಿಯಾಗಿ ವಿರಾಜಮಾನರಾಗಿರುವ ತಮ್ಮ ಪಾದಗಳಿಗೆ (ತಮಗೆ ಪಾದಗಳಿಲ್ಲವಾದ್ದರಿಂದ ತಮ್ಮ ಅಟ್ಟೆಗಳಿಗೆ) ತಮ್ಮನ್ನು ಹೊಲಿದವನಾದ, ಆದಿವಾಲದ ಹಾದಿಯ ಮಾದಿಗರ ಹಟ್ಟಿಯ ಚಿತ್ತಯ್ಯ ಕೈಮುಗಿದು ಬಿನ್ನವಿಸಿಕೊಳ್ಳುವುದೇನೆಂದರೆ:

ಬರೆಯುವ ಕೈ ತೊಗಲಿನ ವ್ಯಾಪಾರಿ ಗೌಸ್ ಪೀರ್ ಸಾಹೇಬರದು, ಮಾತು ನನ್ನದು. "ಲೇ ಚಿತ್ತಯ್ಯ, ಬೂಟಿಗೆ ಯಾಕೋ ಕಾಗದ, ಬೂಟು ಹಾಕ್ಕಂಡೋರಿಗೆ ಬರಿಸು" ಎಂದರು. "ಅವ್ರಿಗೆ ಅರ್ಜಿ ಕೊಟ್ಟು ಸಾಕಾಗೈತೆ ಸಾಬ್ರೇ. ಇವು ನಮ್ ಕೈಯಾಗೆ ಬೆಳೆದವು, ಒಂದೀಟು ದಾಕ್ಷಿಣ್ಯ ಇರ್ತೈತೆ" ಎಂದೆ.

ತಮ್ಮ ಏಳಿಗೆ ಕಂಡು ನಮ್ಮ ಹಟ್ಟಿಗೆಲ್ಲ ಸಂತೋಷವಾಗಿದೆ. ತಾವು ಗೌಡರ ಕೊಟ್ಟಿಗೆಯಲ್ಲಿ ಎತ್ತಾಗಿ ಸತ್ತು ಬಿದ್ದ ದಿನ ಊರಲ್ಲಿ ಯಾರೂ ತಮ್ಮನ್ನು ಮುಟ್ಟಲಿಲ್ಲ. ನಾನು ಎಳೆದು ತಂದೆ, ಸುಲಿದೆ, ತಂಗಡೆ ತೊಗಟೆಯ ನೀರಲ್ಲಿ ನೆನೆಹಾಕಿ ಹದ ಮಾಡಿದೆ, ಬಳ್ಳಾರಿಯ ದಂಡಿನಲ್ಲಿ ಬಿಳಿ ಸಿಪಾಯಿಗಳ ಬೂಟು ಹೊಲಿದು ಕಲಿತ ವಿದ್ಯೆಯನ್ನೆಲ್ಲ ಸುರಿದು ಹೊಲಿದೆ. ಅದೇ ತೊಗಲಲ್ಲಿ ರೈತರಾದ ರೇವಣಸಿದ್ದಪ್ಪನವರಿಗೂ ಒಂದು ಜೊತೆ ಚಪ್ಪಲಿ ಮಾಡಿಕೊಟ್ಟೆ. ತಮ್ಮ ಆ ಒಡಹುಟ್ಟಿದವರು ಇಂದಿಗೂ ಕಚೇರಿಯ ಮೆಟ್ಟಿಲ ಕೆಳಗೇ ಬಿದ್ದಿರುತ್ತಾರೆ. ತಾವು ಮಾತ್ರ ವಿಲಾಯತಿ ಚಹರೆಯ ದೆಸೆಯಿಂದ ಅಮಲ್ದಾರರ ಕಾಲಿಗೇರಿ ಒಳಗೆ ಹೋದಿರಿ.

ಮೊದಲಿನ ಅಮಲ್ದಾರರ ಕಾಲದಲ್ಲಿ ಯಾರ ಜೋಡೇ ಆಗಲಿ, ಹೊರಗೇ. ತೊಗಲು ಹೊಸ್ತಿಲು ದಾಟಿದರೆ ಕಚೇರಿಗೆ ಮೈಲಿಗೆ. ನಾನೂ ಹೊರಗಿದ್ದುದರಿಂದ ನನಗೆ ಜೊತೆಯಿತ್ತು. ಈಗಿನವರು ಹೊಸ ಕಾಲದವರು. ಬೂಟು ಕಳಚಿ ಬರುವುದೇ ಅಗೌರವ ಎಂದರು. ಹೀಗೆ ತೊಗಲಿನ ಮೈಲಿಗೆ ಒಂದೇ ದಿನದಲ್ಲಿ ಕಳೆಯಿತು. ತೊಗಲು ಹೊಲಿದವನ ಮೈಲಿಗೆ ಮಾತ್ರ ಎಲ್ಲಿಗೂ ಹೋಗದೆ ಕಚೇರಿ ಅಂಗಳದ ಹುಣಸೆ ಮರದ ಬುಡದಲ್ಲಿ ನನ್ನ ಪಕ್ಕವೇ ಕೂತಿದೆ.

ಇನ್ನು ನನ್ನ ಸಣ್ಣ ತಕರಾರು. ಊರ ತೋಟಿ ಕೆಲಸ ಮಾಡಿದ್ದಕ್ಕೆ ನಮ್ಮ ಮುತ್ತಾತನಿಗೆ ಬಿಟ್ಟ ಹೊಲ ಬರೀ ಕಲ್ಲಾಗಿದ್ದಷ್ಟು ಕಾಲ ನಮ್ಮದೇ ಆಗಿತ್ತು. ಮಾರಿಕಣಿವೆಯ ನಾಲೆ ಪಕ್ಕದಲ್ಲಿ ಹರಿದ ಮೇಲೆ ಅದು ಗೌಡರದೆಂದು ಗೌಡರಿಗೆ ನೆನಪಾಗಿದೆ. ವಿಚಾರಣೆಯ ದಿನ ಜವಾನ ಸಣ್ಣಪ್ಪ ಬಾಗಿಲಲ್ಲಿ ನಿಂತು, "ಚಿತ್ತಯ್ಯ ಬಂದವ್ನೇನ್ರಪ್ಪಾ" ಎಂದು ಗೊಣಗಿದ. "ಇದೀನಿ ಸ್ವಾಮೀ" ಎಂದು ನಾನು ಮರದ ಬುಡದಿಂದ ಕೂಗಿದ ಗಳಿಗೆಗೇ ತಾವು ಮೇಜಿನ ಕೆಳಗೆ ಕಿರ್ರೆಂದಿರಿ. ಹೊಸ ಅಟ್ಟೆ, ತಪ್ಪಲ್ಲ. ಅಮಲ್ದಾರರಿಗೆ ತಮ್ಮ ದನಿ ಕೇಳಿತು, ನನ್ನದು ಕೇಳಲಿಲ್ಲ. ಗೈರುಹಾಜರು ಎಂದು ಬರೆದರು. ಇನ್ನೊಮ್ಮೆ ಗೈರುಹಾಜರಾದರೆ ಹೊಲ ಗೌಡರದಂತೆ.

ನನ್ನ ಹೆಂಡತಿ ಚಂದ್ರಕ್ಕ, "ಸತ್ತಿರೋ ಎತ್ತು ಒಳಗೈತೆ, ಬದುಕಿರೋ ನೀನು ಹೊರಗಿದೀಯ. ನೀನೂ ಒಂದ್ಸಲ ಸತ್ತು ನೋಡು, ಒಳಗೆ ಬಿಟ್ಟಾರು" ಎಂದಳು. ಆ ಸಲಹೆಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ.

ಬರುವ ಸೋಮವಾರ ಮತ್ತೆ ವಿಚಾರಣೆ. ನನ್ನ ಹೆಸರು ಕರೆದಾಗ ತಾವು ದಯಮಾಡಿ ನನ್ನ ಪರವಾಗಿ ಒಮ್ಮೆ ಕಿರ್ರೆಂದು ಹಾಜರಿ ಹೇಳಬೇಕು. ಹಾಗೆಯೇ ಸಾಕ್ಷಿಯನ್ನೂ ನುಡಿಯಬೇಕು: ಎತ್ತಾಗಿದ್ದ ತಮ್ಮನ್ನು ಗೌಡರು ನನಗೆ ಬಾಡಿಗೆಗೆ ಕೊಟ್ಟಾಗ "ಹೋಗಲೇ, ನಿನ್ ಹೊಲ ಉತ್ಕ" ಎಂದೇ ಹಗ್ಗ ಕೈಗಿತ್ತದ್ದು, ಆ ಹೊಲವನ್ನು ಉತ್ತ ಹೆಗಲು ತಮ್ಮದೇ. ಕಚೇರಿಯೊಳಗೆ ಪ್ರವೇಶವಿರುವ ನನ್ನ ಕಡೆಯ ಸಾಕ್ಷಿ ತಾವೊಬ್ಬರೇ.

ಒಂದು ಕಾಲಕ್ಕೆ ತಮ್ಮ ಕುಲದವರ ಜೊತೆ ಹೊರಗಿದ್ದ, ಈಗ ಒಬ್ಬನೇ ಹೊರಗಿರುವ,
ತಮ್ಮ ವಿಶ್ವಾಸಿ,
ಚಿತ್ತಯ್ಯ

ತಾ.ಕ.: ಇದು ಎಡಗಾಲಿನವರಿಗೆ ಮಾತ್ರ. ಹೋದ ವಾರ ಲಾಳ ಬಡಿಯಲೆಂದು ಸಣ್ಣಪ್ಪ ತಮ್ಮನ್ನು ತಂದು ಮರದ ಕೆಳಗೆ ಎಸೆದಿದ್ದನಲ್ಲ, ಆಗ ಹಿಮ್ಮಡಿಯ ಒಂದು ಮೊಳೆಯ ಮೊನೆಯನ್ನು ಮಡಚದೆ ಬಿಟ್ಟಿದ್ದೇನೆ. ಸೋಮವಾರದ ಹೊತ್ತಿಗೆ ಅದು ಮೇಲೇಳುತ್ತದೆ. ಆಗ ಅಮಲ್ದಾರರ "ಎಲ್ಲಿ ಸತ್ತ ಆ ಚಿತ್ತಯ್ಯ" ಎಂಬ ಕೂಗು ಹುಣಸೆ ಮರ ದಾಟಿ ನಮ್ಮ ಹಟ್ಟಿಗೂ ಕೇಳಿಸುತ್ತದೆ. ನಾನು ಬರುತ್ತೇನೆ. ಹಾಜರು ಎಂದು ಬರೆಯುವ ತನಕ ಮೊಳೆ ಕೀಳುವುದಿಲ್ಲ.