ತಾಲೀಮು ನಡೆಯುತ್ತಿದೆ, ಸಹಕರಿಸಿ

ದೊಡ್ಡಮರಡಿ ಗ್ರಾಮದಲ್ಲಿ ಅಸ್ಪೃಶ್ಯತೆ ಇಲ್ಲ. ಪಂಚಾಯಿತಿ ಇದನ್ನು ಸರ್ವಾನುಮತದಿಂದ ತೀರ್ಮಾನಿಸಿದೆ. ಮಲ್ಲೇಶಪ್ಪನವರ ಹೋಟೆಲಿನಲ್ಲಿ ಊರಿನವರು ಒಳಗೆ ಬೆಂಚಿನ ಮೇಲೆ ಕೂತು ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಾರೆ. ಕೇರಿಯವರು ಹೊರಗೆ ಕಿಟಕಿಯ ಬಳಿ ನಿಂತು ಕಾಗದದ ಲೋಟದಲ್ಲಿ ಕುಡಿಯುತ್ತಾರೆ. ಅದು ಗಾಳಿ ಬೆಳಕಿನ ವ್ಯವಸ್ಥೆ.

ಕೇರಿಯ ಯಶೋಧರಾಳಿಗೆ ಈ ವ್ಯವಸ್ಥೆ ಅರ್ಥವಾಗಲಿಲ್ಲ. ಅವಳು ಶಾಲೆಯಲ್ಲಿ ಪಾಠ ಹೇಳುವವಳು. ತಾಯಿ ಅಂಜಮ್ಮನಿಗೆ ಮಂಡಿನೋವು. ಸಾಯುವುದರೊಳಗೆ ಒಮ್ಮೆ ಆ ಬೆಂಚಿನ ಮೇಲೆ ಕೂತು ಟೀ ಕುಡಿಯಬೇಕೆಂಬ ಆಸೆ. ಮಗಳು ಅದಕ್ಕೆಂದೇ ನಾಟಕ ಬರೆದಳು. ಊರು ತನ್ನ ಮುಖ ತಾನೇ ನೋಡಿ ನಾಚಲಿ ಎಂಬುದು ಅವಳ ಲೆಕ್ಕ. ಹೋಟೆಲ್ ಯಜಮಾನನಾಗಿ ಸೋದರಮಾವ ಜಯಪ್ಪ, ಅಂಜಮ್ಮನಾಗಿ ಅಂಜಮ್ಮನೇ. ಬೆಂಚು, ಲೋಟಗಳನ್ನು ಮಲ್ಲೇಶಪ್ಪನವರೇ ಪ್ರೀತಿಯಿಂದ ಕೊಟ್ಟರು.

ನಾಟಕದಲ್ಲಿ ಜಯಪ್ಪ ಕಿಟಕಿಯಿಂದ ಕಾಗದದ ಲೋಟವನ್ನು ಬೆರಳ ತುದಿಯಲ್ಲಿ ಚಾಚಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಮಲ್ಲೇಶಪ್ಪ ಎದ್ದರು. ನಾಚಿದರು ಎಂದುಕೊಂಡಳು ಯಶೋಧರಾ. ಅವರು ನೇರ ರಂಗಕ್ಕೆ ಹತ್ತಿದರು. ಪಾತ್ರ ಮೆಚ್ಚಿದವರು ನಾಟಕ ನಿಲ್ಲಿಸಿ ಸನ್ಮಾನ ಮಾಡುವುದು ನಮ್ಮ ಕಡೆಯ ಪದ್ಧತಿ. ಜಯಪ್ಪನಿಗೆ ಶಾಲು ಹೊದಿಸಿದರು. ಮೈ ತಾಗದಂತೆ, ಮಾರು ದೂರದಿಂದ ಎಸೆದು. ಆಮೇಲೆ ಮೈಕ್ ಹಿಡಿದರು.

"ಥೇಟ್ ನಾನೇ ಕಣ್ರಪ್ಪ! ಕಿಟಕಿ ಮಾತ್ರ ಇನ್ನೊಂಚೂರು ಎಡಕ್ಕೈತೆ."

ಕಿಟಕಿ ಸರಿಸಿ ನಾಟಕ ಮುಂದುವರಿಸಲಾಯಿತು. ಕೊನೆಗೆ ಅಂಜಮ್ಮ ಒಳಗೆ ನುಗ್ಗಿ, ಬೆಂಚಿನ ಮೇಲೆ ಕೂತು, ಖಾಲಿ ಗಾಜಿನ ಲೋಟ ಎತ್ತಿ ಕುಡಿದಂತೆ ಮಾಡಿದಾಗ ಇಡೀ ಊರು ಅತ್ತಿತು. ಮಲ್ಲೇಶಪ್ಪನವರ ಟವೆಲ್ಲು ಹಿಂಡುವಂತಾಯಿತು.

ಮರುದಿನ ಬೆಳಿಗ್ಗೆ ಅಂಜಮ್ಮ ಹೋಟೆಲಿಗೆ ಹೋಗಿ ಅದೇ ಬೆಂಚಿನ ಮೇಲೆ ಕೂತಳು.

"ಏನವ್ವ, ನಾಟ್ಕ ನಿನ್ನೇನೇ ಮುಗೀತಲ್ಲ?" ಎಂದರು ಮಲ್ಲೇಶಪ್ಪ.

"ಮುಗೀತು ಸಾವ್ಕಾರ್ರೆ. ನಿನ್ನೆ ಲೋಟದಾಗೆ ಟೀ ಇರ್ಲಿಲ್ಲ. ಈಗ ಕೊಡ್ರಿ."

"ನೋಡಾಕೆ ಜನಾನೇ ಇಲ್ಲ, ಒಳಗೆ ಕುಂತು ಕುಡಿದ್ರೆ ಏನು ಬಂತು? ಏಳವ್ವ, ಬೆಂಚು ತೊಳೀಬೇಕು."

ಯಶೋಧರಾ ತಾಲೂಕು ಕಚೇರಿಗೆ ದೂರು ಕೊಟ್ಟಳು. ಸಾಹೇಬರೊಬ್ಬರು ಬಂದು, ಒಳಗೆ ಕೂತು, ಗಾಜಿನ ಲೋಟದಲ್ಲಿ ಟೀ ಕುಡಿಯುತ್ತಲೇ ವಿಚಾರಣೆ ಮುಗಿಸಿ ಆದೇಶ ಹೊರಡಿಸಿದರು:

"ಸದರಿ ಹೋಟೆಲಿನಲ್ಲಿ ನಡೆಯುತ್ತಿರುವುದು ನಾಟಕಕ್ಕೆ ಸಂಪೂರ್ಣ ತಾಳೆಯಾಗುವುದರಿಂದ ಅದನ್ನು ತಾಲೀಮು ಎಂದು ಪರಿಗಣಿಸತಕ್ಕದ್ದು. ಅಂಜಮ್ಮನವರು ಪ್ರದರ್ಶನದ ದಿನ ಒಳಗೆ ಕೂರಬಹುದು. ಉಳಿದ ದಿನಗಳಲ್ಲಿ, ಕಲೆಗೆ ಧಕ್ಕೆಯಾಗದಂತೆ, ಹೊರಗೆ ನಿಲ್ಲತಕ್ಕದ್ದು."

ಕಿಟಕಿಗೆ ಬೋರ್ಡು ಬಿತ್ತು: ತಾಲೀಮು ನಡೆಯುತ್ತಿದೆ, ಸಹಕರಿಸಿ.

ನಾಟಕಕ್ಕೆ ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದೆಲ್ಲ ಕರೆ ಬಂತು. ಹೋದಲ್ಲೆಲ್ಲ ಜನ ಅತ್ತರು. ಅತ್ತು ಮುಗಿಸಿ, ತಮ್ಮೂರಿನ ಕಿಟಕಿ ಯಾವ ಕಡೆಗಿದೆ ಎಂದು ತಿಳಿಸಿಹೋದರು. ಯಶೋಧರಾಳಿಗೂ ಶಾಲುಗಳು ಬಂದವು. ನಾಟಕದ ಲೋಟಕ್ಕೆ ಟೀ ಮಾತ್ರ ಬರಲಿಲ್ಲ. ಚೆಲ್ಲಿದರೆ ಸೀರೆ ಕೆಡುತ್ತದೆ ಎಂದು ಯಶೋಧರಾಳೇ ಬೇಡ ಎಂದಿದ್ದಳು.

ಮೊನ್ನೆ ಬೆಳಿಗ್ಗೆ ಮಗಳ ಜೊತೆ ಬಂದು ಕಿಟಕಿಯ ಬಳಿ ಕಾಗದದ ಲೋಟಕ್ಕೆ ಕೈ ಚಾಚಿದ ಅಂಜಮ್ಮ, ಮಂಡಿ ಕುಸಿದು ನೆಲಕ್ಕೆ ಬಿದ್ದಳು. ಒಳಗಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಇದನ್ನೂ ಸೇರಿಸ್ರಿ ಮೇಡಂ, ಭಾಳ ಚೆನ್ನಾಗೈತೆ," ಎಂದರು ಮಲ್ಲೇಶಪ್ಪ.

ಯಶೋಧರಾ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿದಳು.

"ಅವ್ವ, ಇನ್ನೊಂಚೂರು ಎಡಕ್ಕೆ ಬೀಳು. ಮುಖ ಕಾಣಲ್ಲ."