ಚಿಟ್ಟೆಗೆ ಇಟ್ಟ ತಟ್ಟೆ

ಬಸವನಗುಡಿಯ ನಮ್ಮ ಮನೆಯ ಹಿತ್ತಲಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸೇವೆ ಸಲ್ಲಿಸುತ್ತಿದ್ದ ಬಟ್ಟೆ ಒಣಹಾಕುವ ತಂತಿಯನ್ನು ಇತ್ತೀಚೆಗೆ ತೆರವುಗೊಳಿಸಲಾಯಿತು. ಘಟನೆಯಲ್ಲಿ ಯಾರಿಗೂ ಗಾಯಗಳಾಗಿಲ್ಲ. ನನ್ನ ಹೆಂಡತಿ ಮಾತ್ರ ಎರಡು ದಿನ ಮಾತಾಡಲಿಲ್ಲ.

ತಂತಿ ಇದ್ದ ಜಾಗದಲ್ಲಿ ಚಿಟ್ಟೆಗಳಿಗೆ ಊಟದ ತಟ್ಟೆ ತೂಗುಹಾಕಬೇಕೆಂಬುದು ನನ್ನ ಯೋಜನೆ. ನಾನು ನಿವೃತ್ತ ವಿಜ್ಞಾನದ ಮೇಷ್ಟ್ರು. ಹಾಗಾಗಿ ನಮ್ಮ ಮನೆಯಲ್ಲಿ ಇಂಥ ಯೋಜನೆಗಳು ಆಗಾಗ ಜಾರಿಗೆ ಬರುತ್ತವೆ, ಮತ್ತು ಪ್ರತಿ ಸಲವೂ ಯಾರಾದರೊಬ್ಬರು ಬೆಚ್ಚಿಬೀಳುತ್ತಾರೆ.

ಮೂರನೆಯ ದಿನ ಹೆಂಡತಿ ಬಾಯಿಬಿಟ್ಟಳು. "ಒಂದು ತಿಂಗಳು ಟೈಮ್ ಕೊಡ್ತೀನಿ ರೀ. ಅಲ್ಲೀವರೆಗೆ ಒದ್ದೆ ಬಟ್ಟೆ ತಾರಸಿಗೆ ಹೊರೋದು ನೀವು. ಒಂದೇ ಒಂದು ಚಿಟ್ಟೆ ನಿಮ್ಮ ತಟ್ಟೆ ಮೇಲೆ ಕೂತ್ರೆ, ಆಮೇಲೆ ಜನ್ಮಪೂರ್ತಿ ನಾನೇ ಹೊರ್ತೀನಿ. ಕೂರ್ಲಿಲ್ಲ ಅಂದ್ರೆ ನನ್ನ ತಂತಿ ನನಗೆ."

ತಾರಸಿಗೆ ಇಪ್ಪತ್ತೇಳು ಮೆಟ್ಟಿಲು. ನಾನು ಒಪ್ಪಿದೆ.

೧. ಹಣ್ಣಿನಂಗಡಿಯಲ್ಲಿ

ಚಿಟ್ಟೆಗಳಿಗೆ ಬೇಕಾದ್ದು ಚೆನ್ನಾಗಿ ಕೊಳೆತ ಬಾಳೆಹಣ್ಣು. ನಾವು ಯಾವಾಗಲೂ ಹಣ್ಣು ಕೊಳ್ಳುವ ಅಂಗಡಿಗೆ ಹೋಗಿ, "ಕೊಳೆತಿರೋದು ಒಂದು ಡಜನ್ ಕೊಡಿ" ಎಂದೆ.

ಅಂಗಡಿಯವರ ಕೈ ತಕ್ಕಡಿಯ ಮೇಲೇ ನಿಂತುಬಿಟ್ಟಿತು. "ಏನಂದ್ರಿ?"

"ಕೊಳೆತ ಬಾಳೆಹಣ್ಣು."

"ಸಾರ್, ನಮ್ಮಪ್ಪನ ಕಾಲದಿಂದ ಇಲ್ಲಿ ವ್ಯಾಪಾರ ಮಾಡ್ತಿದೀವಿ. ನಮ್ಮಂಗಡೀಲಿ ಕೊಳೆತ ಹಣ್ಣು ಸಿಗತ್ತೆ ಅಂತ ಯಾರ್ ಹೇಳಿದ್ದು ನಿಮಗೆ?"

"ಯಾರೂ ಹೇಳಿಲ್ಲ, ನನಗೇ ಬೇಕಾಗಿತ್ತು..."

"ನೋಡಮ್ಮ!" ಎಂದು ಅವರು ಪಕ್ಕದಲ್ಲಿ ಸಪೋಟ ಆರಿಸುತ್ತಿದ್ದವರನ್ನು ಸಾಕ್ಷಿಗೆ ಕರೆದರು. "ಓದಿದೋರು ಬಂದು ಬೆಳಿಗ್ಗೆ ಬೆಳಿಗ್ಗೆ ಹೀಗಾ ಕೇಳೋದು?"

ಸಪೋಟದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಕ್ಷಮೆ ಕೇಳಿ, ಅಂಗಡಿಯವರೇ ಆರಿಸಿಕೊಟ್ಟ ಒಂದು ಡಜನ್ ಒಳ್ಳೆಯ ಹಣ್ಣು ತಂದೆ.

ಮನೆಗೆ ಬಂದು ಚೀಲ ಬಿಚ್ಚಿದರೆ ಅಡಿಯಲ್ಲಿದ್ದ ನಾಲ್ಕು ಕೊಳೆತಿದ್ದವು. ಕೆಲಸ ಆ ದಿನವೇ ಶುರುವಾಯಿತು.

೨. ಪಕ್ಕದ ಮನೆಯ ಅನುಮಾನ

ಚಿಟ್ಟೆಗಳಿಗೆ ಕೆಂಪು ಬಣ್ಣ ಕಂಡರೆ ಪ್ರೀತಿ. ತಟ್ಟೆಗೆಂದು ಮೂರು ತೆಂಗಿನ ಕರಟಗಳಿಗೆ ತೂತು ಕೊರೆದು, ಹೆಂಡತಿಯ ಹಳೆಯ ಕೆಂಪು ರವಿಕೆಯ ಪಟ್ಟಿ ಕಟ್ಟಿ, ಒಳಗೆ ಕಪ್ಪಾದ ಬಾಳೆಹಣ್ಣು ಇಟ್ಟು, ತಂತಿ ಇದ್ದ ಜಾಗದಲ್ಲಿ ಕಾಂಪೌಂಡ್ ಗೋಡೆಯ ಉದ್ದಕ್ಕೂ ತೂಗುಹಾಕಿದೆ. ಅತಿಥಿಗಳು ಬರುವ ಜಾಗ ಚೊಕ್ಕಟವಾಗಿರಬೇಕಲ್ಲ. ಅಲ್ಲೇ ಇದ್ದ ಕರಿಬೇವಿನ ಗಿಡದ ತುಂಬ ಹಸಿರು ಹುಳ. ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಚಾಚಿ ಕೆಟ್ಟ ವಾಸನೆ ಬಿಡುತ್ತಿದ್ದವು. ಕೊಲ್ಲಲು ಮನಸ್ಸಾಗದೆ, ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಒಂದೊಂದನ್ನೇ ಕಡ್ಡಿಯಲ್ಲಿ ಎತ್ತಿ ಗೋಡೆಯಾಚೆ ಪಕ್ಕದ ಮನೆಯವರ ನಿಂಬೆಗಿಡದ ಮೇಲೆ ಬಿಡುತ್ತಿದ್ದೆ.

ಪಕ್ಕದ ಮನೆಯ ಹಿರಿಯಮ್ಮ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರೆಂದು ಒಂದು ವಾರದ ಮೇಲೆ ತಿಳಿಯಿತು. ಅವರು ಗೇಟಿನ ಹೊರಗೇ ನಿಂತು ನನ್ನ ಹೆಂಡತಿಯನ್ನು ಕರೆದರು.

"ಏನಮ್ಮಾ, ನಿಮ್ಮ ಯಜಮಾನ್ರು ಸ್ನಾನ ಮಾಡ್ಕೊಂಡು, ಕರಟಕ್ಕೆ ಕೆಂಪು ಬಟ್ಟೆ ಕಟ್ಟಿ, ನಮ್ಮ ಮನೆ ಕಡೆ ಮುಖ ಮಾಡಿ ಕಡ್ಡಿ ಆಡಿಸ್ತಾರಲ್ಲ. ನಮ್ಮಿಂದ ಏನಾದ್ರೂ ತಪ್ಪಾಗಿದ್ಯಾ?"

"ಅಯ್ಯೋ ಅದು ಚಿಟ್ಟೆಗೆ ಕಣ್ರಮ್ಮಾ!"

"ಚಿಟ್ಟೆಗೆ ಯಾರಾದ್ರೂ ಊಟ ಹಾಕ್ತಾರಾ?" ಎಂದು ಅವರು ಹೋದರು.

ಸಂಜೆಗೆ ಅವರ ನಿಂಬೆಗಿಡಕ್ಕೆ ನಮ್ಮ ಮನೆಯನ್ನೇ ದುರುಗುಟ್ಟಿಕೊಂಡು ನೋಡುವ ಬೂದುಗುಂಬಳಕಾಯಿ ಬಂತು. ಕಣ್ಣು, ಮೀಸೆ, ನಾಲಗೆ ಎಲ್ಲ ಇದ್ದವು.

ಹೆಂಡತಿ ಅದನ್ನು ಬಹಳ ಹೊತ್ತು ನೋಡಿ, "ಮೀಸೆ ನಿಮ್ಮದೇ ಥರ ಇದೆ" ಎಂದಳು.

೩. ಭಾವಮೈದನ ಸಂತೋಷ

ಎರಡು ವಾರವಾದರೂ ಇರುವೆ, ಕಣಜ, ಒಂದು ಅಳಿಲು ಬಿಟ್ಟರೆ ಯಾರೂ ಬರಲಿಲ್ಲ. ನಾನು ಊಟದ ಗುಣಮಟ್ಟ ಹೆಚ್ಚಿಸಿದೆ. ಬಾಳೆಹಣ್ಣು ಕಿವುಚಿ, ಬೆಲ್ಲ ಬೆರೆಸಿ, ನಾಲ್ಕು ದಿನ ಬಿಸಿಲಿಗಿಟ್ಟೆ. ನೊರೆ ಬಂದ ಮೇಲೆ ಸ್ಟೀಲ್ ಡಬ್ಬಿಗೆ ತುಂಬಿ ಅಡುಗೆಮನೆಯಲ್ಲಿಟ್ಟೆ.

ಅಂದು ಮಧ್ಯಾಹ್ನ ಚಾಮರಾಜಪೇಟೆಯಿಂದ ಭಾವಮೈದ ಬಂದಿದ್ದ. ಈರುಳ್ಳಿಯನ್ನೂ ಮುಟ್ಟದ ಮನುಷ್ಯ. ನಾವಿಬ್ಬರೂ ತಾರಸಿಯಿಂದ ಇಳಿದು ಬರುವಷ್ಟರಲ್ಲಿ ಎರಡು ಬಟ್ಟಲು ಮುಗಿಸಿದ್ದ.

"ಅಕ್ಕಾ, ರಸಾಯನ ಭೇಷಾಗಿದೆ. ಏಲಕ್ಕಿ ಸ್ವಲ್ಪ ಕಮ್ಮಿ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೇಳುವುದೋ ಬಿಡುವುದೋ ಎಂದು ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗಲೇ ಅವನ ಮುಖದ ಮೇಲೆ ನಗು ಮೂಡತೊಡಗಿತು. ಮೂವತ್ತು ವರ್ಷಗಳಿಂದ ನನ್ನನ್ನು "ಭಾವನವರೇ" ಎಂದು ಬಿಟ್ಟರೆ ಬೇರೆ ಹೇಗೂ ಕರೆಯದವನು ನನ್ನ ಹೆಗಲ ಮೇಲೆ ಕೈ ಹಾಕಿದ.

"ಏನ್ ಗುರು, ಇನ್ನೊಂದ್ ಬಟ್ಲು ಇದ್ಯಾ?"

೪. ಕೊನೆಯ ದಿನ

ಮೂವತ್ತನೆಯ ದಿನ ಬೆಳಿಗ್ಗೆ ಬಕೆಟ್ ಹೊತ್ತು ಮೆಟ್ಟಿಲು ಹತ್ತುವುದರಲ್ಲಿದ್ದೆ. ಹಿರಿಯಮ್ಮ ಗೋಡೆಯಾಚೆಯಿಂದ ಕೂಗಿದರು.

"ಮೇಷ್ಟ್ರೇ, ಇಬ್ರೂ ಬನ್ನಿ, ಈಗಿಂದೀಗ್ಲೇ!"

ಹೋದೆವು. ಅವರ ನಿಂಬೆಗಿಡದ ಸುತ್ತ ಚಿಟ್ಟೆಗಳು. ಕಪ್ಪು ರೆಕ್ಕೆಯವು, ಹಳದಿ ಮಚ್ಚೆಯವು, ಎಣಿಸಲಾಗಲಿಲ್ಲ. ಒಂದು ಚಿಟ್ಟೆ ಬೂದುಗುಂಬಳಕಾಯಿಯ ಮೀಸೆಯ ಮೇಲೆ ಕೂತಿತ್ತು.

"ನಾನು ಏನೇನೋ ಅಂದ್ಕೊಂಡ್ಬಿಟ್ಟಿದ್ದೆ, ತಪ್ಪಾಯ್ತು" ಎಂದು ಹಿರಿಯಮ್ಮ ಕೈ ಮುಗಿದರು. "ದಿನಾ ಬೆಳಿಗ್ಗೆ ನಿಮ್ಮ ಗಿಡದ ಹುಳ ತಂದು ನಮ್ಮ ಗಿಡಕ್ಕೆ ಬಿಟ್ರಿ. ನೋಡಿ, ಎಲ್ಲಾ ಚಿಟ್ಟೆ ಆಗಿದೆ. ಯಾರು ಮಾಡ್ತಾರೆ ಈ ಕಾಲ್ದಲ್ಲಿ?"

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಆ ಹುಳಾನೇ ಚಿಟ್ಟೆ ಆಗೋದಾ ರೀ?"

ನಾನು ಉತ್ತರಿಸುವ ಮೊದಲೇ ಹಿರಿಯಮ್ಮ ಹೇಳಿದರು. "ಮತ್ತಿನ್ನೇನಮ್ಮಾ? ನಮ್ಮ ಹುಡುಗಂಗೆ ಏಳನೇ ಕ್ಲಾಸಲ್ಲಿ ಇವ್ರೇ ಪಾಠ ಮಾಡಿದ್ದು. ಚಿಟ್ಟೆ ಹುಟ್ಟೋ ಚಿತ್ರದಲ್ಲಿ ಹುಳ ಬರೆಯೋದು ಮರ್ತ ಅಂತ ಬೆಂಚ್ ಮೇಲೆ ನಿಲ್ಸಿದ್ರು."

ಅಂದು ಮಧ್ಯಾಹ್ನ ತಂತಿಯನ್ನು ಮೊದಲಿನ ಜಾಗದಲ್ಲಿ ಕಟ್ಟಲಾಯಿತು. ಹುಳಗಳನ್ನು ಈಗ ಯಾರೂ ಮುಟ್ಟುವುದಿಲ್ಲ. ಒಗ್ಗರಣೆಗೆ ಕರಿಬೇವನ್ನು ಮಾರ್ಕೆಟ್ಟಿನಿಂದ ತರಲಾಗುತ್ತಿದೆ.