ನಲವತ್ತೊಂದು ಕೀಲಿಕೈಗಳಿಗೆ ಶಿಸ್ತು ಕಲಿಸಿದ್ದು

ಪಿಂಪ್ರಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ಓದಿದ್ದು ಬರೀ ಮೆಟ್ರಿಕ್. ಆದರೆ ನನ್ನ ಸಹಿ ಇಲ್ಲದೆ ಒಂದು ವಾಷರ್ ಕೂಡ ಹೊರಗೆ ಹೋಗಿದ್ದಿಲ್ಲ. ಅಂಥವನ ಕೈಗೆ ನಲವತ್ತೊಂದು ಕೀಲಿಕೈ ಕೊಟ್ಟರೆ ಏನಾದೀತು? ಏನೂ ಆಗದು ಎಂದೇ ನಾನು ನಂಬಿದ್ದೆ.

ಕೀಲಿಕೈಗಳು ನನ್ನ ಮಗಳು ಸುನಂದಾಳವು. ಬೇರೆ ಊರಲ್ಲಿರುವ ಮಾಲೀಕರ ಫ್ಲ್ಯಾಟುಗಳನ್ನು ನೋಡಿಕೊಳ್ಳುವುದು ಅವಳ ಉದ್ಯೋಗ. ಬಾಡಿಗೆಯವರನ್ನು ಹುಡುಕುವುದು, ನಲ್ಲಿ ರಿಪೇರಿ, ಗೋಡೆಯ ಬಣ್ಣ ಎಲ್ಲ ಅವಳದೇ. ಗಂಡನಿಂದ ಬೇರೆಯಾಗಿ, ಒಂದು ವರ್ಷದ ಮುಕ್ತಾಳನ್ನು ಸೊಂಟದ ಮೇಲಿಟ್ಟುಕೊಂಡು ನನ್ನ ಮನೆಗೆ ಬಂದಾಗ ಈ ಕೆಲಸ ಶುರು ಮಾಡಿದಳು. ಆಗ ನಾನಾಡಿದ ಮಾತನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

"ಮಂದಿ ಮನಿ ಕೀಲಿಕೈ ಹಿಡ್ಕೊಂಡು ತಿರಗೂದು ಒಂದು ನೌಕ್ರಿ ಏನ? ಹೋಗೂದಿದ್ರ ಕೂಸಿನ್ನೂ ಕರ್ಕೊಂಡು ಹೋಗು. ನಾ ನೋಡ್ಕೊಳ್ಳಂಗಿಲ್ಲ!"

ಅವಳು ಕರೆದುಕೊಂಡೇ ಹೋದಳು. ಕೂಸು ಖಾಲಿ ಫ್ಲ್ಯಾಟುಗಳಲ್ಲಿ ನಡೆಯಲು ಕಲಿಯಿತು, ಅಲ್ಲೇ ಅಕ್ಷರ ತಿದ್ದಿತು. ನಾನು ಮನೆಯಲ್ಲಿ ಪೇಪರ್ ಓದಿದೆ.

ಮೊನ್ನೆ ಎರಡು ಕಾರ್ಯಕ್ರಮ ಒಂದೇ ಬೆಳಿಗ್ಗೆ ಬಂದವು. ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ಎರಡನೇ ತರಗತಿಯ ಮುಕ್ತಾ ಟೊಮೆಟೊ ಪಾತ್ರ ಮಾಡುವವಳು. ಇತ್ತ ಧಾರವಾಡದ ದೇಸಾಯರು ತಮ್ಮ ತಾಯಿಯೊಡನೆ ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸುವವರು. ಮುಹೂರ್ತ ಹತ್ತು ಐವತ್ತಕ್ಕೆ. ಮನೆಯ ಮಾಲೀಕ ಜೋಶಿ ಕಾಕಾ ಖುದ್ದು ಬರುವವರಿದ್ದರು. ಈ ಮನೆ ಸರಿಯಾಗಿ ಒಪ್ಪಿಸಿದರೆ, ಆ ಬಿಲ್ಡಿಂಗಿನ ತಮ್ಮ ಉಳಿದ ಹನ್ನೊಂದು ಫ್ಲ್ಯಾಟನ್ನೂ ಸುನಂದಾಳಿಗೇ ವಹಿಸುವುದಾಗಿ ಹೇಳಿದ್ದರು.

"ನೀ ಶಾಲಿಗೆ ಹೋಗವಾ. ಮನಿ ನಾ ಒಪ್ಪಸ್ತೀನಿ," ಎಂದೆ.

"ಬರೇ ಬಾಗಲಾ ತಗದು ಕೊಡ್ರಿ ಅಪ್ಪಾ. ಅಲ್ಲಿ ಹೋಗಿ ಫೋನ್ ಮಾಡ್ರಿ, ಯಾವ ಕೀಲಿಕೈ ಅಂತ ಹೇಳ್ತೀನಿ. ಮತ್ತೇನೂ ಮಾಡಬ್ಯಾಡ್ರಿ."

"ಮೂವತ್ತು ವರ್ಷ ಸ್ಟೋರ್ಸ್ ನೋಡೀನಿ!"

"ಅದಕ್ಕ ಹೇಳಾಕತ್ತೀನಿ."

ತಾಯಿ-ಮಗಳು ಶಾಲೆಗೆ ಹೋದ ಮೇಲೆ ಕೀಲಿಕೈಗಳ ಚೀಲ ತೆರೆದೆ. ಅಯ್ಯೋ! ಒಂದೊಂದು ಕೀಲಿಕೈಗೂ ಮುಕ್ತಾಳ ತಲೆಯ ಹಳೇ ರಿಬ್ಬನ್ ಕಟ್ಟಿತ್ತು. ಕೆಂಪು, ನೀಲಿ, ಚುಕ್ಕಿಯದು, ಗಂಟು ಹಾಕಿದ್ದು. ಒಂದಕ್ಕಾದರೂ ನಂಬರ್ ಇಲ್ಲ! ನನ್ನೊಳಗಿನ ಸ್ಟೋರ್‌ಕೀಪರ್ ಎದ್ದು ನಿಂತ.

ಎಲ್ಲ ರಿಬ್ಬನ್ ಕತ್ತರಿಸಿದೆ. ಅಷ್ಟರಲ್ಲಿ ಕಸದ ಗಾಡಿ ಬಂತು; ಅದರಲ್ಲಿ ಹಾಕಿಯೂ ಬಂದೆ. ಕೀಲಿಕೈಗಳನ್ನು ಗಾತ್ರದ ಪ್ರಕಾರ ಸಾಲಾಗಿಟ್ಟು ರಟ್ಟಿನ ಚೀಟಿ ಕಟ್ಟಿದೆ. ಒಂದರಿಂದ ನಲವತ್ತೊಂದು. ರಿಜಿಸ್ಟರಿನಲ್ಲಿ 'ಕ್ರಮ ಸಂಖ್ಯೆ' ತುಂಬಿದೆ. ಪಕ್ಕದ ಕಾಲಮ್ಮಿನ ಮೇಲೆ ಮುದ್ದಾಗಿ 'ಯಾವ ಫ್ಲ್ಯಾಟ್' ಎಂದು ಬರೆದೆ.

ಪೆನ್ನು ಅಲ್ಲಿಗೆ ನಿಂತಿತು.

ಮಗಳಿಗೆ ಫೋನ್ ಮಾಡಬಹುದಿತ್ತು. ಮೂವತ್ತು ವರ್ಷದ ಅನುಭವ ಬಿಡಲಿಲ್ಲ! ನಲವತ್ತೊಂದನ್ನೂ ಹೊತ್ತು ರಿಕ್ಷಾ ಹತ್ತಿದೆ.

ಬಾಗಿಲ ಮುಂದೆ ದೇಸಾಯರು ಗ್ಯಾಸ್ ಒಲೆ ಹಿಡಿದಿದ್ದರು, ಅವರ ತಾಯಿ ಹಾಲಿನ ಪಾತ್ರೆ ಹಿಡಿದಿದ್ದರು, ಜೋಶಿ ಕಾಕಾ ಕೈಗಡಿಯಾರ ನೋಡುತ್ತಿದ್ದರು. ನಾನು ಗಂಭೀರವಾಗಿ ಒಂದನೇ ನಂಬರ್ ಹಾಕಿದೆ. ತೆರೆಯಲಿಲ್ಲ. ರಿಜಿಸ್ಟರಿನಲ್ಲಿ 'ತೆರೆಯಲಿಲ್ಲ' ಎಂದು ಬರೆದು ಸಹಿ ಹಾಕಿದೆ. ಎರಡನೆಯದು. ತೆರೆಯಲಿಲ್ಲ. ಸಹಿ! ಒಂಬತ್ತನೆಯದು ಸಲೀಸಾಗಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ! ಪಕ್ಕದ ಮನೆಯವರು ಕೊಬ್ಬರಿ ಎಣ್ಣೆ ಕೊಟ್ಟರು. ಅದು ಹೊರಬರುವಷ್ಟರಲ್ಲಿ ಕಾಲು ತಾಸು ಹೋಯಿತು.

"ಏನ್ರೀ ಹಿರಿಯಾರ, ಹಾಲು ಇಲ್ಲೇ ಮೊಸರಾಗ್ತದ ನೋಡ್ರಿ," ಎಂದರು ದೇಸಾಯರ ತಾಯಿ.

"ಆಜೋಬಾ, ಘರ ಹೇಚ್ ಆಹೇ ನಾ?" ಅಜ್ಜಾ, ಮನೆ ಇದೇ ತಾನೇ ಎಂದು ತಮ್ಮ ಸ್ವಂತ ಮನೆಯನ್ನೇ ಅನುಮಾನಿಸಿದರು ಜೋಶಿ ಕಾಕಾ.

ಇಪ್ಪತ್ತಮೂರನೆಯದಕ್ಕೆ ಸಹಿ ಹಾಕಿ ಗಡಿಯಾರ ನೋಡಿದೆ. ಹತ್ತು ಮೂವತ್ತೈದು. ಹನ್ನೊಂದು ಫ್ಲ್ಯಾಟುಗಳು ನನ್ನ ಕಣ್ಣೆದುರೇ ಮೆಟ್ಟಿಲಿಳಿದು ಹೋಗುತ್ತಿದ್ದವು. ಮೂಲೆಗೆ ಹೋಗಿ ಫೋನ್ ಮಾಡಿದೆ. "ಸುನಂದಾ, ನಾ ತಪ್ಪು ಮಾಡೀನವಾ. ರಿಬ್ಬನ್ ಎಲ್ಲಾ ತಗದುಬಿಟ್ಟೆ."

"ಟೊಮೆಟೊ ಈಗಷ್ಟ ಸ್ಟೇಜ್ ಇಳದದ. ಬಂದ್ವಿ, ನಿಂದರ್ರಿ."

ಶಾಲೆ ಎರಡು ಗಲ್ಲಿ ಆಚೆ. ಹತ್ತು ನಿಮಿಷದಲ್ಲಿ ಸ್ಕೂಟರಿನಿಂದ ಒಂದು ದುಂಡನೆಯ ಟೊಮೆಟೊ ಇಳಿದು, ಮೆಟ್ಟಿಲೇರಿ, ಕೀಲಿಕೈಗಳ ರಾಶಿಯ ಮುಂದೆ ಕುಳಿತಿತು. ನನ್ನ ಚೀಟಿಗಳ ಕಡೆ ತಿರುಗಿಯೂ ನೋಡಲಿಲ್ಲ.

"ಇದು ಪಾರಿವಾಳದ ಮನಿ. ಇದು ನನ್ನ ಹಲ್ಲು ಬಿದ್ದ ಮನಿ. ಇದು ಭಾಳ ಹಲ್ಲಿ ಇರೋ ಮನಿ... ಹಾಂ, ಇದು! ಹೋದ ತಿಂಗಳು ಬಣ್ಣಾ ಹಚ್ಚಿದ್ವಲ್ಲ, ಇದಕ್ಕ ಹಳದಿ ಇನ್ನೂ ಹತ್ತೇದ."

ಮೂವತ್ತನಾಲ್ಕನೇ ನಂಬರ್. ಬಾಗಿಲು ತೆರೆಯಿತು! ಹತ್ತು ಐವತ್ತಕ್ಕೆ ಸರಿಯಾಗಿ ಹಾಲು ಉಕ್ಕಿತು!

"ಇಷ್ಟೆಲ್ಲಾ ನಿನಗ ಹೆಂಗ ಗೊತ್ತ ಬಂಗಾರಾ?" ದೇಸಾಯರ ತಾಯಿ ಕೇಳಿದರು.

"ಸಣ್ಣಾಕಿದ್ದಾಗಿಂದ ಈ ಕೀಲಿಕೈ ಜೋಡೀನ ಆಡ್ತಿದ್ದೆ. ಅಜ್ಜ ನನ್ನ ಮನ್ಯಾಗ ನೋಡ್ಕೊಳ್ಳಂಗಿಲ್ಲ ಅಂದಿದ್ರಂತ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಹೊತ್ತಿನಲ್ಲಿ ಅಲ್ಲಿ ಟೊಮೆಟೊಗಿಂತ ಕೆಂಪಗಿದ್ದವನು ನಾನೊಬ್ಬನೇ!

ಜೋಶಿ ಕಾಕಾ ಹೊಟ್ಟೆ ಹಿಡಿದು ನಕ್ಕು, ಉಳಿದ ಹನ್ನೊಂದು ಕೀಲಿಕೈಗಳ ಗೊಂಚಲನ್ನು ಟೊಮೆಟೊದ ಕೈಗೇ ಕೊಟ್ಟರು. ನಾನು ಸುನಂದಾಳ ಹತ್ತಿರ ಹೋಗಿ, "ಅವತ್ತು ಹಂಗ ಅನ್ನಬಾರದಿತ್ತವಾ," ಎಂದೆ.

"ಆರು ವರ್ಷ ತಡಾ ಆತಲ್ರಿ ಅಪ್ಪಾ," ಎಂದು ಕಣ್ಣೊರೆಸಿಕೊಂಡು ನಕ್ಕಳು. "ಬರ್ರಿ, ಹಾಲು ಕುಡೀರಿ."

ಈಗ ಮಗಳ ವ್ಯವಹಾರದಲ್ಲಿ ನನಗೂ ಒಂದು ಹುದ್ದೆಯಿದೆ. ಮುಕ್ತಾಳನ್ನು ಶಾಲೆಯಿಂದ ಕರೆತರುವುದು ಮತ್ತು ಹೊಸ ರಿಬ್ಬನ್ ಖರೀದಿ. ಕೀಲಿಕೈಗಳು ಈಗ ಐವತ್ತೆರಡು; ಮುಟ್ಟಲು ಅಪ್ಪಣೆಯಿಲ್ಲ. ನಮ್ಮ ಮನೆಯದೊಂದನ್ನು ಮಾತ್ರ ಗುಲಾಬಿ ರಿಬ್ಬನ್ನಿನಲ್ಲಿ ಪೋಣಿಸಿ ಮುಕ್ತಾ ನನ್ನ ಕೊರಳಿಗೇ ಕಟ್ಟಿದ್ದಾಳೆ. ಅದಕ್ಕೊಂದು ಚೀಟಿಯೂ ಇದೆ, ಅವಳದೇ ಅಕ್ಷರದಲ್ಲಿ:

'ಕ್ರಮ ಸಂಖ್ಯೆ ಐವತ್ತಮೂರು. ಅಜ್ಜ.'